ಓಡಬಾರದು, ಕುಣಿಯಬಾರದು: ಬೆಳ್ಳಿಯ ಹಾರ್ಟ್‌ವರ್ಮ್ ಚಿಕಿತ್ಸೆ

ಬೆಳ್ಳಿ ನಮ್ಮ ಮನೆಗೆ ಬಂದಾಗ ಆಗಲೇ ಬೆಳೆದ ನಾಯಿ. ಮೊದಲು ಎಲ್ಲಿದ್ದಳು, ಯಾರು ಸಾಕಿದ್ದರು, ಯಾವ ಔಷಧಿ ಕೊಟ್ಟಿದ್ದರು, ಒಂದೂ ಗೊತ್ತಿರಲಿಲ್ಲ. ನೋಡುವುದಕ್ಕೆ ಗಟ್ಟಿಮುಟ್ಟಾಗಿದ್ದಳು. ಚೆನ್ನಾಗಿ ತಿನ್ನುತ್ತಿದ್ದಳು. ಚೆಂಡು ಎಸೆದರೆ ಸಾಕು, ಓಡಿಹೋಗಿ ತರುತ್ತಿದ್ದಳು. ತಂದಿಟ್ಟ ಮೇಲೆ ನಿಂತು ಎರಡು ಮೂರು ಸಲ ಒಣಕೆಮ್ಮು ಕೆಮ್ಮುತ್ತಿದ್ದಳು, ಅಷ್ಟೇ. ಗಂಟಲಿಗೆ ಕೂದಲೋ ಕಡ್ಡಿಯೋ ಸಿಕ್ಕಿರಬೇಕು ಅಂತ ಅಮ್ಮ ಹೇಳಿದರು. ನನಗೆ ವಿಚಿತ್ರ ಅನ್ನಿಸಿದ್ದು ಒಂದೇ: ಮಲಗಿದ್ದಾಗ ಕೆಮ್ಮು ಇರುತ್ತಿರಲಿಲ್ಲ. ಓಡಿದ ಮೇಲೇ ಬರುತ್ತಿತ್ತು.

ಲಸಿಕೆ ಹಾಕಿಸಲು ಹೋದಾಗ ಡಾಕ್ಟರಿಗೆ ಇದನ್ನು ಹೇಳಿದೆ. ಅವರು ಬಾಯಿ ತೆರೆಸಿ ಗಂಟಲನ್ನು ಒಮ್ಮೆ ನೋಡಿ, ಆಮೇಲೆ ಬಹಳ ಹೊತ್ತು ಎದೆಗೆ ಸ್ಟೆತಾಸ್ಕೋಪ್ ಇಟ್ಟುಕೊಂಡು ಕೂತರು. "ಲಸಿಕೆ ಇವತ್ತು ಬೇಡ. ಮೊದಲು ರಕ್ತ ನೋಡೋಣ" ಅಂದರು.

ಕೆಲವೇ ಹನಿ ರಕ್ತ ಸಾಕು. ಒಂದು ಸಣ್ಣ ಕಿಟ್‌ನ ಮೇಲೆ ಹಾಕಿ ಸ್ವಲ್ಪ ಹೊತ್ತು ಕಾದರು. ಇರಬಾರದ ಜಾಗದಲ್ಲಿ ಗುರುತು ಮೂಡಿತು. ಆಂಟಿಜೆನ್ ಪರೀಕ್ಷೆ ಅಂತ ಇದಕ್ಕೆ ಹೆಸರು. ಹಾರ್ಟ್‌ವರ್ಮ್ ಅಂದರೆ ಹೃದಯದ ಹತ್ತಿರದ ರಕ್ತನಾಳಗಳಲ್ಲಿ ಬೆಳೆಯುವ ಹುಳ. ಅದರ ಬೆಳೆದ ಹೆಣ್ಣು ರಕ್ತಕ್ಕೆ ಬಿಡುವ ಒಂದು ಪ್ರೋಟೀನನ್ನು ಈ ಪರೀಕ್ಷೆ ಹಿಡಿಯುತ್ತದೆ. ಅಂದರೆ ಗಂಡು ಹುಳಗಳಷ್ಟೇ ಇದ್ದರೆ, ಇಲ್ಲವೇ ಹುಳಗಳು ಇನ್ನೂ ಎಳೆಯವಾಗಿದ್ದರೆ, ಪರೀಕ್ಷೆ ಏನೂ ಇಲ್ಲ ಅಂತಲೇ ತೋರಿಸಬಹುದು. ನಮ್ಮ ವಿಷಯದಲ್ಲಿ ಅಂಥ ಅನುಮಾನಕ್ಕೆ ಜಾಗವೇ ಇರಲಿಲ್ಲ. ಡಾಕ್ಟರು ಇನ್ನೊಂದು ಹನಿ ರಕ್ತವನ್ನು ಗಾಜಿನ ಮೇಲೆ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ನನ್ನನ್ನೂ ಕರೆದು ತೋರಿಸಿದರು. ಕೆಂಪು ರಕ್ತಕಣಗಳ ನಡುವೆ ಕೂದಲೆಳೆಗಿಂತ ಸಣ್ಣ ಮರಿಹುಳಗಳು ಒದ್ದಾಡುತ್ತಿದ್ದವು. ಮೈಕ್ರೋಫೈಲೇರಿಯಾ. ಸುತ್ತಲಿನ ಕಣಗಳನ್ನು ತಳ್ಳುತ್ತಾ ಇದ್ದಲ್ಲೇ ಬಳುಕುತ್ತಿದ್ದವೇ ಹೊರತು ಮುಂದಕ್ಕೆ ಹೋಗುತ್ತಿರಲಿಲ್ಲ. ಅದೂ ಒಂದು ಗುರುತಂತೆ. ನಾಯಿಯ ರಕ್ತದಲ್ಲಿ ಇನ್ನೂ ಒಂದೆರಡು ಜಾತಿಯ ಮರಿಹುಳ ಸಿಗುತ್ತವೆ. ಅವುಗಳಲ್ಲಿ ಒಂದು ಚಿಗಟದಿಂದ ಹರಡುವಂಥದ್ದು. ಅದು ಅಷ್ಟೇನೂ ತೊಂದರೆ ಕೊಡುವುದಿಲ್ಲ, ಗಾಜಿನ ಮೇಲೆ ಸರಸರ ಮುಂದಕ್ಕೆ ಹರಿದುಹೋಗುತ್ತದೆ. ಬೆಳ್ಳಿಯಲ್ಲಿದ್ದದ್ದು ಡೈರೋಫೈಲೇರಿಯಾ ಇಮ್ಮಿಟಿಸ್, ಅಂದರೆ ಹಾರ್ಟ್‌ವರ್ಮ್.

ನನ್ನ ಮೊದಲ ಪ್ರಶ್ನೆ ಎಲ್ಲರೂ ಕೇಳುವಂಥದ್ದೇ. ಜಂತುಹುಳದ ಮಾತ್ರೆ ಕೊಟ್ಟಿದ್ದೇವಲ್ಲ, ಮತ್ತೆ ಇದು ಹೇಗೆ ಬಂತು? ಹೊಟ್ಟೆಯ ಹುಳಕ್ಕೆ ಕೊಡುವ ಮಾಮೂಲಿ ಮಾತ್ರೆ ಕರುಳಿನಲ್ಲಿ ಕೆಲಸ ಮಾಡುತ್ತದೆ. ಈ ಹುಳ ಕರುಳಿಗೆ ಹೋಗುವುದೇ ಇಲ್ಲ. ಮಣ್ಣಿನಿಂದಲೋ ಎಂಜಲಿನಿಂದಲೋ ಬರುವುದಿಲ್ಲ. ಸೊಳ್ಳೆ ಕಚ್ಚಿಯೇ ಬರಬೇಕು. ಸೋಂಕಿರುವ ನಾಯಿಯ ರಕ್ತ ಹೀರಿದ ಸೊಳ್ಳೆಯೊಳಗೆ ಮರಿಹುಳಗಳು ಬೆಳೆಯುತ್ತವೆ. ಬೆಚ್ಚಗಿನ ಹವೆಯಿದ್ದರೆ ಇದಕ್ಕೆ ಎರಡು ವಾರ ಸಾಕು. ಅದೇ ಸೊಳ್ಳೆ ಇನ್ನೊಂದು ನಾಯಿಯನ್ನು ಕಚ್ಚಿದಾಗ ಹೀಗೆ ಬೆಳೆದ ಮರಿಗಳು, ಅಂದರೆ ಲಾರ್ವಾಗಳು, ಚರ್ಮದ ಮೇಲೆ ಇಳಿದು, ಕಚ್ಚಿದ ತೂತಿನಿಂದ ಒಳಗೆ ನುಸುಳುತ್ತವೆ. ಎರಡು ತಿಂಗಳಿಗಿಂತ ಹೆಚ್ಚು ಕಾಲ ಮೈಯೊಳಗೆ ಅಲೆಯುತ್ತಾ ಬೆಳೆದು, ಕೊನೆಗೆ ರಕ್ತನಾಳ ಸೇರಿ, ಶ್ವಾಸಕೋಶಕ್ಕೆ ರಕ್ತ ಒಯ್ಯುವ ಅಪಧಮನಿಗಳಿಗೆ ಬಂದು ನಿಲ್ಲುತ್ತವೆ. ಬಂದಾಗ ಕೆಲವೇ ಸೆಂಟಿಮೀಟರ್ ಉದ್ದ. ಅಲ್ಲಿ ಬೆಳೆದು ಹೆಣ್ಣು ಹುಳ 25ರಿಂದ 30 ಸೆಂಟಿಮೀಟರ್ ಆಗುತ್ತದೆ, ಗಂಡು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಸೊಳ್ಳೆ ಕಚ್ಚಿದ ದಿನದಿಂದ ರಕ್ತದಲ್ಲಿ ಮರಿಹುಳ ಕಾಣಿಸುವವರೆಗೆ 6ರಿಂದ 7 ತಿಂಗಳು ಬೇಕು. ಬೆಳ್ಳಿ ನಮ್ಮಲ್ಲಿಗೆ ಬಂದು ಅಷ್ಟು ಕಾಲ ಆಗಿರಲಿಲ್ಲ. ಹುಳಗಳನ್ನು ಜೊತೆಗೇ ತಂದಿದ್ದಳು. ಈ ಹುಳ 5ರಿಂದ 7 ವರ್ಷ ಬದುಕುತ್ತದೆ ಅಂತ ಕೇಳಿದಾಗ ಮಾತ್ರ ನನಗೆ ಕೈಕಾಲು ತಣ್ಣಗಾಯಿತು.

ಆಮೇಲೆ ಎಕ್ಸ್‌ರೇ. ಹುಳ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಕಾಣುವುದು ಹುಳ ಮಾಡಿದ ಹಾಳು. ಡಾಕ್ಟರು ಬೆರಳಿಟ್ಟು ತೋರಿಸಿದರು: ಶ್ವಾಸಕೋಶದ ಹಿಂಭಾಗಕ್ಕೆ ಹೋಗುವ ಅಪಧಮನಿ ಒಂಬತ್ತನೇ ಪಕ್ಕೆಲುಬನ್ನು ದಾಟುವ ಕಡೆ, ಆ ಎಲುಬಿಗಿಂತ ದಪ್ಪ ಇರಬಾರದು. ಬೆಳ್ಳಿಯದು ದಪ್ಪವಾಗಿತ್ತು. ನೆಟ್ಟಗೆ ಹೋಗಬೇಕಾದ ನಾಳ ಅಲ್ಲಲ್ಲಿ ಸೊಟ್ಟಗಾಗಿತ್ತು. ಹೃದಯದ ಬಲಭಾಗವೂ ಸ್ವಲ್ಪ ಉಬ್ಬಿತ್ತು.

ಹೆಸರಿನಲ್ಲಿ ಹೃದಯ ಇದ್ದರೂ ಇದು ಮೊದಲಿಗೆ ರಕ್ತನಾಳದ ಕಾಯಿಲೆ. ಆ ದಿನ ನನಗೆ ಸರಿಯಾಗಿ ಅರ್ಥವಾಗಿದ್ದು ಇದೇ, ಮುಂದಿನ ಚಿಕಿತ್ಸೆಯೆಲ್ಲ ಇದರ ಮೇಲೇ ನಿಂತಿತ್ತು. ಆರೋಗ್ಯವಾಗಿರುವ ನಾಳದ ಒಳಪದರ ನುಣುಪಾಗಿರುತ್ತದೆ. ರಕ್ತ ಎಲ್ಲೂ ತಡೆಯದೆ ಜಾರಿಕೊಂಡು ಹೋಗುತ್ತದೆ. ಹುಳಗಳು ಅಲ್ಲಿ ಹೊರಳಾಡುವುದರಿಂದ, ಅವು ಬಿಡುವ ರಾಸಾಯನಿಕಗಳಿಂದ, ಆ ಪದರಕ್ಕೆ ಗಾಯವಾಗುತ್ತದೆ. ಗಾಯವಾದಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಬಂದು ಅಂಟುತ್ತವೆ. ನಾಳದ ಗೋಡೆಯ ಸ್ನಾಯುಕೋಶಗಳು ಒಳಗಡೆಗೆ ಬೆಳೆದುಬರುತ್ತವೆ. ಕೊನೆಗೆ ನುಣುಪಾಗಿದ್ದ ಒಳಮೈ ಟರ್ಕಿ ಟವಲಿನ ಹಾಗೆ ಎಳೆ ಎಳೆಯಾಗಿ ಎದ್ದುನಿಲ್ಲುತ್ತದೆ. ನಾಳದ ದಾರಿ ಕಿರಿದಾಗುತ್ತದೆ, ಹಿಗ್ಗುವ ಗುಣ ಹೋಗುತ್ತದೆ, ಒಳಗೆ ಒತ್ತಡ ಏರುತ್ತದೆ. ಆ ಒತ್ತಡದ ವಿರುದ್ಧ ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ಸೋಲುತ್ತದೆ. ಹೊಟ್ಟೆಯಲ್ಲಿ ನೀರು ತುಂಬುವುದು, ಎಚ್ಚರ ತಪ್ಪಿ ಬೀಳುವುದು, ಇವೆಲ್ಲ ಆ ಹಂತದ ಮಾತು. ಬೆಳ್ಳಿ ಅಲ್ಲಿಗೆ ಹೋಗಿರಲಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ ಅಂತ ಡಾಕ್ಟರು ಎಚ್ಚರಿಸಿದರು. ಹುಳಗಳ ಸಂಖ್ಯೆ ತೀರಾ ಹೆಚ್ಚಾದರೆ ಅವು ಅಪಧಮನಿಯಿಂದ ಹಿಂದಕ್ಕೆ ಸರಿದು ಹೃದಯದ ಬಲಭಾಗಕ್ಕೆ, ಅಲ್ಲಿಂದ ಮಹಾಸಿರೆಗೆ ಬಂದು ತುಂಬಿಕೊಳ್ಳುತ್ತವೆ. ರಕ್ತಕಣಗಳು ಒಡೆದು ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ನಾಯಿ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಆಗ ಔಷಧಿಗೆ ಸಮಯವೇ ಇರುವುದಿಲ್ಲ. ಕುತ್ತಿಗೆಯ ಸಿರೆ ತೆರೆದು, ಉದ್ದನೆಯ ಇಕ್ಕಳ ಇಳಿಸಿ, ಹುಳಗಳನ್ನು ಕೈಯಾರೆ ಎಳೆದು ತೆಗೆಯಬೇಕು. ಎಕೋ ಸ್ಕ್ಯಾನ್, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡಿದ್ದು ಇದನ್ನೇ ನೋಡುವುದಕ್ಕೆ. ಪರದೆಯ ಮೇಲೆ ಅಪಧಮನಿಯೊಳಗೆ ಜೋಡಿ ಜೋಡಿ ಬಿಳಿ ಗೆರೆಗಳು ಮಿನುಗಿದವು. ಒಂದೊಂದು ಜೋಡಿ ಗೆರೆಯೂ ಒಂದು ಹುಳದ ಮೈಯ ಎರಡು ಅಂಚು. ಹೃದಯದ ಕೋಣೆಗಳಲ್ಲಿ ಇರಲಿಲ್ಲ. ಸದ್ಯ!

"ಹಾಗಾದರೆ ಇವತ್ತೇ ಇಂಜೆಕ್ಷನ್ ಕೊಟ್ಟು ಸಾಯಿಸಿಬಿಡಿ" ಅಂದೆ.

ಡಾಕ್ಟರು ನಕ್ಕರು. "ಸಾಯಿಸಬಹುದು. ಸತ್ತ ಹುಳ ಎಲ್ಲಿಗೆ ಹೋಗುತ್ತೆ ಹೇಳಿ?"

ಹೊಟ್ಟೆಯ ಹುಳವಾದರೆ ಹೊರಗೆ ಬೀಳುತ್ತದೆ. ಇದಕ್ಕೆ ಹೊರಗೆ ಹೋಗುವ ದಾರಿ ಇಲ್ಲ. ಸತ್ತ ಹುಳ ರಕ್ತದ ಹರಿವಿನ ಜೊತೆ ಮುಂದೆ ಸಾಗಿ, ಶ್ವಾಸಕೋಶದ ಸಣ್ಣ ಸಣ್ಣ ಕವಲುಗಳಲ್ಲಿ ಸಿಕ್ಕಿಕೊಂಡು, ಅಲ್ಲೇ ಚೂರುಚೂರಾಗಿ ಕರಗಬೇಕು. ಕರಗುವವರೆಗೆ ಆ ಕವಲು ಮುಚ್ಚಿರುತ್ತದೆ. ಸುತ್ತ ರಕ್ತ ಹೆಪ್ಪುಗಟ್ಟುತ್ತದೆ, ಉರಿಯೂತ ಆಗುತ್ತದೆ. ನಾಯಿ ಸುಮ್ನೆ ಮಲಗಿದ್ದರೆ ಶ್ವಾಸಕೋಶದ ಉಳಿದ ಭಾಗ ಹೇಗೋ ನಿಭಾಯಿಸುತ್ತದೆ. ಓಡಿದರೆ ಹೃದಯ ಜೋರಾಗಿ ರಕ್ತ ತಳ್ಳುತ್ತದೆ, ಆ ರಕ್ತ ಮುಚ್ಚಿದ ನಾಳಗಳಿಗೆ ಬಡಿಯುತ್ತದೆ. ಬದುಕಿದ್ದಾಗ ಮಾಡಿದ್ದಕ್ಕಿಂತ ಸಾಯುವಾಗ ಹುಳ ಮಾಡುವ ಕೇಡು ದೊಡ್ಡದು. ಹಾಗಾಗಿ ಚಿಕಿತ್ಸೆ ಶುರುವಾಗುವುದು ಹುಳಗಳನ್ನು ಸಾಯಿಸುವುದರಿಂದ ಅಲ್ಲ, ಅವುಗಳ ಸಾವಿಗೆ ನಾಯಿಯ ಮೈಯನ್ನು ತಯಾರು ಮಾಡುವುದರಿಂದ.

ಮೊದಲು ಬಂದದ್ದು ಡಾಕ್ಸಿಸೈಕ್ಲಿನ್. ಬ್ಯಾಕ್ಟೀರಿಯಾಕ್ಕೆ ಕೊಡುವ ಮಾತ್ರೆ ಹುಳಕ್ಕೆ ಯಾಕೆ ಅನ್ನಿಸಿತು. ಈ ಹುಳಗಳ ಮೈಯೊಳಗೇ ವೊಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾ ವಾಸ ಮಾಡುತ್ತದೆ. ಅದಿಲ್ಲದಿದ್ದರೆ ಹುಳಕ್ಕೆ ಮರಿ ಮಾಡುವುದಕ್ಕೂ ಆಗುವುದಿಲ್ಲ, ಹೆಚ್ಚು ಕಾಲ ಬದುಕುವುದಕ್ಕೂ ಆಗುವುದಿಲ್ಲ. ಹುಳ ಸತ್ತಾಗ ಇದೇ ಬ್ಯಾಕ್ಟೀರಿಯಾ ರಕ್ತಕ್ಕೆ ಬಿದ್ದು ಉರಿಯೂತ ಹೆಚ್ಚಿಸುತ್ತದೆ. ನಾಲ್ಕು ವಾರ, ದಿನಕ್ಕೆ ಎರಡು ಹೊತ್ತು ಮಾತ್ರೆ ಕೊಟ್ಟರೆ ಬ್ಯಾಕ್ಟೀರಿಯಾ ಹೋಗುತ್ತದೆ, ಹುಳ ಸೊರಗುತ್ತದೆ. ಹೇಳುವುದು ಸುಲಭ. ಬೆಳ್ಳಿಗೆ ಆ ಮಾತ್ರೆ ಕಂಡರೇ ಆಗುತ್ತಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ವಾಂತಿ. ಊಟದ ನಡುವೆ ಅಡಗಿಸಿಟ್ಟರೆ ಮಾತ್ರೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಖಾಲಿ. ಕೊನೆಗೆ ಅಮ್ಮನೇ ಆ ಜವಾಬ್ದಾರಿ ತೆಗೆದುಕೊಂಡರು. ಅವರು ಏನು ಮಾಡುತ್ತಿದ್ದರೋ ಗೊತ್ತಿಲ್ಲ, ಅವರ ಕೈಯಿಂದ ಒಂದು ಮಾತ್ರೆಯೂ ವಾಪಸ್ ಬರಲಿಲ್ಲ.

ಅದರ ಜೊತೆಗೇ ತಿಂಗಳಿಗೊಮ್ಮೆ ಕೊಡುವ ತಡೆ ಔಷಧಿ. ಐವರ್ಮೆಕ್ಟಿನ್ ಮತ್ತು ಅದರ ಬಳಗದ ಔಷಧಿಗಳು ಹೊಸದಾಗಿ ಒಳಬಂದ ಲಾರ್ವಾಗಳನ್ನು ಕೊಲ್ಲುತ್ತವೆ. ಐವರ್ಮೆಕ್ಟಿನ್ ಸಾಮಾನ್ಯ ಔಷಧಿಯೇನಲ್ಲ. ಅದರ ಹಿಂದಿನ ಶೋಧಕ್ಕೆ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸತೋಶಿ ಒಮುರಾ ಅವರಿಗೆ 2015ರಲ್ಲಿ ನೊಬೆಲ್ ಬಂತು. ಹುಳ ತಡೆಯುವುದಕ್ಕೆ ಬೇಕಾಗುವ ಪ್ರಮಾಣ ಬಹಳ ಕಡಿಮೆ. ನಾಯಿಯ ತೂಕದ ಪ್ರತಿ ಕಿಲೋಗೆ 6 ಮೈಕ್ರೋಗ್ರಾಂ. ಇದನ್ನು ಒತ್ತಿ ಹೇಳಲು ಕಾರಣ ಇದೆ. ದನ, ಕುರಿಗಳಿಗೆ ಮಾಡಿದ ಐವರ್ಮೆಕ್ಟಿನ್ ತಂದು ಮನೆಯಲ್ಲೇ ಅಂದಾಜಿನ ಮೇಲೆ ಹಾಕುವವರಿದ್ದಾರೆ. ಕೋಲಿಯಂಥ ಕೆಲವು ತಳಿಗಳಲ್ಲಿ ಒಂದು ಜೀನ್ ದೋಷವಿದ್ದರೆ, ಹೆಚ್ಚಿನ ಪ್ರಮಾಣದ ಔಷಧಿ ನೇರ ಮೆದುಳಿಗೇ ಹೋಗಿ ನಾಯಿ ಸತ್ತುಹೋಗಬಹುದು. ದಯವಿಟ್ಟು ಅದನ್ನು ಮಾಡಬೇಡಿ.

ರಕ್ತದಲ್ಲಿ ಮರಿಹುಳ ಜಾಸ್ತಿ ಇದ್ದಾಗ, ಈ ಔಷಧಿಯ ಮೊದಲ ಡೋಸಿಗೆ ಅವೆಲ್ಲ ಒಟ್ಟಿಗೆ ಸತ್ತು ನಾಯಿಗೆ ಆಘಾತ ಆಗುವ ಸಾಧ್ಯತೆಯೂ ಇದೆ. ಅದಕ್ಕೆ ಮೊದಲ ಡೋಸ್ ಕೊಟ್ಟ ದಿನ ಬೆಳ್ಳಿಯನ್ನು ಸಂಜೆಯವರೆಗೂ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಏನೂ ಆಗಲಿಲ್ಲ. ಉರಿಯೂತ ತಗ್ಗಿಸಲು ಸ್ಟಿರಾಯ್ಡ್ ಕೂಡ ಶುರುವಾಯಿತು, ಪ್ರೆಡ್ನಿಸೊಲೋನ್. ದಿನ ಕಳೆದಂತೆ ಪ್ರಮಾಣ ಇಳಿಸುತ್ತಾ ಹೋಗಬೇಕು, ದಿಢೀರನೆ ನಿಲ್ಲಿಸುವಂತಿಲ್ಲ. ಅದು ಹೊಟ್ಟೆಗೆ ಬಿದ್ದ ಮೇಲೆ ಬೆಳ್ಳಿಗೆ ವಿಪರೀತ ಬಾಯಾರಿಕೆ, ವಿಪರೀತ ಹಸಿವು, ರಾತ್ರಿಯಿಡೀ ಮೂತ್ರಕ್ಕೆ ಏಳುವುದು. ನಮ್ಮ ನಿದ್ದೆಯ ಕಥೆ ಕೇಳಬೇಡಿ.

ಇಂಜೆಕ್ಷನ್‌ಗೆ ಎರಡು ತಿಂಗಳು ಕಾಯಬೇಕು ಅಂದಾಗ ನನಗೆ ಸಿಟ್ಟೇ ಬಂದಿತ್ತು. ಹುಳ ಒಳಗಿದೆ, ಇವರು ಕಾಯಿರಿ ಅನ್ನುತ್ತಾರಲ್ಲ! ಇದಕ್ಕೂ ಲೆಕ್ಕವಿದೆ. ತಡೆ ಔಷಧಿ ಎಳೆಯ ಲಾರ್ವಾಗಳನ್ನು ಕೊಲ್ಲುತ್ತದೆ, ಇಂಜೆಕ್ಷನ್ ಬೆಳೆದ ಹುಳವನ್ನು ಕೊಲ್ಲುತ್ತದೆ. ನಡುವಿನ ವಯಸ್ಸಿನ ಹುಳಗಳಿಗೆ ಎರಡೂ ಸರಿಯಾಗಿ ನಾಟುವುದಿಲ್ಲ. ಹೊಸ ಹುಳ ಒಳಬರದಂತೆ ಬಾಗಿಲು ಹಾಕಿ, ನಡುವಿನವು ದೊಡ್ಡವಾಗುವವರೆಗೆ ಕಾದು, ಆಮೇಲೆ ಹೊಡೆದರೆ ಹೆಚ್ಚುಕಡಿಮೆ ಯಾವುದೂ ಉಳಿಯುವುದಿಲ್ಲ. ಅಷ್ಟರಲ್ಲಿ ಡಾಕ್ಸಿಸೈಕ್ಲಿನ್ ಕೂಡ ತನ್ನ ಕೆಲಸ ಮುಗಿಸಿರುತ್ತದೆ.

ಇಂಜೆಕ್ಷನ್ನಿನ ಹೆಸರು ಮೆಲಾರ್ಸೊಮೈನ್. ಆರ್ಸೆನಿಕ್ ಇರುವ ಔಷಧಿ. ಹೌದು, ಅದೇ ವಿಷ. ಬೆನ್ನುಮೂಳೆಯ ಪಕ್ಕದ ಸೊಂಟದ ಸ್ನಾಯುವಿನಲ್ಲಿ ಆಳವಾಗಿ ಚುಚ್ಚುತ್ತಾರೆ. ಮೊದಲು ಒಂದು. ಒಂದು ತಿಂಗಳಾದ ಮೇಲೆ 24 ಗಂಟೆಯ ಅಂತರದಲ್ಲಿ ಎರಡು. ಒಂದೇ ಸಲಕ್ಕೆ ಎಲ್ಲ ಹುಳ ಸತ್ತರೆ ಶ್ವಾಸಕೋಶ ತಡೆಯಲಾರದು, ಅದಕ್ಕೆ ಹೀಗೆ ಹಂಚಿ ಕೊಡುವುದು. ಎರಡೇ ಇಂಜೆಕ್ಷನ್ ಕೊಡುವ ಹಳೆಯ ಕ್ರಮದಲ್ಲಿ ಸುಮಾರು 90% ಹುಳ ಸಾಯುತ್ತಿದ್ದವು. ಮೂರರ ಕ್ರಮದಲ್ಲಿ ಸುಮಾರು 98%. ನೋವು ಮಾತ್ರ ಚೆನ್ನಾಗಿಯೇ ಇತ್ತು. ಮೊದಲ ಇಂಜೆಕ್ಷನ್ ಆದ ರಾತ್ರಿ ಬೆಳ್ಳಿ ಕೂರಲೂ ಆಗದೆ, ಮಲಗಲೂ ಆಗದೆ ನಿಂತೇ ಇದ್ದಳು. ಸೊಂಟ ಮುಟ್ಟಿದರೆ ಗುರ್ ಅನ್ನುತ್ತಿದ್ದಳು. ಯಾವತ್ತೂ ನಮ್ಮ ಮೇಲೆ ಗುರ್ ಅಂದವಳಲ್ಲ. ನೋವಿನ ಮಾತ್ರೆ ಮೊದಲೇ ಕೊಟ್ಟಿದ್ದರು, ಒಂದೆರಡು ದಿನದಲ್ಲಿ ಕಡಿಮೆಯಾಯಿತು.

ಈ ಔಷಧಿ ಎಲ್ಲ ಕಡೆಯೂ ಸಿಗುವುದಿಲ್ಲ. ಸಿಗದಿದ್ದರೆ ಇನ್ನೊಂದು ದಾರಿ ಇದೆ: ಡಾಕ್ಸಿಸೈಕ್ಲಿನ್ ಕೋರ್ಸಿನ ಜೊತೆಗೆ ಪ್ರತಿ ತಿಂಗಳೂ ಚರ್ಮಕ್ಕೆ ಹಾಕುವ ಮಾಕ್ಸಿಡೆಕ್ಟಿನ್. ಹುಳಗಳು ನಿಧಾನಕ್ಕೆ ಸಾಯುತ್ತವೆ. ಇಂಜೆಕ್ಷನ್ನಿನ ನೋವಿಲ್ಲ, ಎಷ್ಟೋ ನಾಯಿಗಳು ಇದರಿಂದಲೇ ಗುಣವಾಗಿವೆ. ಡಾಕ್ಟರು ಎರಡನ್ನೂ ನಮ್ಮ ಮುಂದಿಟ್ಟರು. ನಿಧಾನದ ದಾರಿಯಲ್ಲಿ ಹುಳ ಸಾಯುವುದಕ್ಕೆ ತುಂಬಾ ತಿಂಗಳು ಹಿಡಿಯುತ್ತದೆ. ಕೆಲವೊಮ್ಮೆ ವರ್ಷ ದಾಟುತ್ತದೆ. ಅಷ್ಟು ದಿನವೂ ಹುಳ ನಾಳದಲ್ಲೇ ಇದ್ದು ಗಾಯ ಮಾಡುತ್ತಿರುತ್ತದೆ, ಅಷ್ಟು ದಿನವೂ ನಾಯಿಯನ್ನು ಓಡದಂತೆ ನೋಡಿಕೊಳ್ಳಬೇಕು. ಬೆಳ್ಳಿಯ ಸ್ವಭಾವ ಗೊತ್ತಿದ್ದ ನನಗೆ ಆ ಕೊನೆಯ ಮಾತೇ ಸಾಕಾಗಿತ್ತು. ಇಂಜೆಕ್ಷನ್ನೇ ಇರಲಿ ಅಂದೆ.

ಅವಳನ್ನು ಸುಮ್ಮನಿರಿಸುವುದು ಎಷ್ಟು ಕಷ್ಟ ಅಂತ ಆಗಲೇ ಗೊತ್ತಾಗಿಹೋಗಿತ್ತು. ಹುಳ ಇದೆ ಅಂತ ತಿಳಿದ ದಿನದಿಂದಲೇ ಚೆಂಡು ಬಂದ್, ಇಂಜೆಕ್ಷನ್ ಶುರುವಾದ ಮೇಲೆ ನಡೆದಾಟವೂ ಬಂದ್. ಮೂತ್ರಕ್ಕೆ ಹೋಗುವಾಗಲೂ ಬೆಲ್ಟ್ ಹಾಕಿ, ನಿಧಾನಕ್ಕೆ ನಡೆಸಿ, ಮುಗಿದ ಕೂಡಲೇ ಒಳಗೆ. ಮೆಟ್ಟಿಲು ಹತ್ತುವಂತಿಲ್ಲ. ಸೋಫಾ ಮೇಲೆ ನೆಗೆಯುವಂತಿಲ್ಲ. ಕೊನೆಯ ಇಂಜೆಕ್ಷನ್ ಆದ ಮೇಲೂ 6ರಿಂದ 8 ವಾರ ಹೀಗೇ. ದೊಡ್ಡ ಪಂಜರವೊಂದನ್ನು ನಡುಮನೆಯಲ್ಲೇ ಇಟ್ಟೆವು. ಮೂಲೆಯ ಕೋಣೆಯಲ್ಲಿ ಇಟ್ಟಾಗ ನಮ್ಮ ದನಿ ಕೇಳಿಸಿದರೆ ಸಾಕು, ಬೊಗಳಿ ಬೊಗಳಿ ಸುಸ್ತಾಗುತ್ತಿದ್ದಳು. ಬೊಗಳುವುದೂ ಶ್ರಮವೇ. ನಾವು ಕಣ್ಣಿಗೆ ಕಾಣುವಂತಿದ್ದರೆ ಮಲಗುತ್ತಿದ್ದಳು.

ಮನೆಯವರೆಲ್ಲ ಬದಲಾಗಬೇಕಾಯಿತು. ಕಾಲಿಂಗ್ ಬೆಲ್ ತೆಗೆಸಿದೆವು. ಬರುವವರು ಮೊದಲೇ ಫೋನ್ ಮಾಡಬೇಕು. ಹೊರಗಿಂದ ಬಂದವರು ಅವಳ ಕಡೆ ನೋಡದೆ, ಮಾತಾಡಿಸದೆ, ನೇರ ಒಳಗೆ ಹೋಗಬೇಕು. ಬಾಲ ಅಲ್ಲಾಡಿಸುತ್ತಾ ನಿಂತ ನಾಯಿಯನ್ನು ನೋಡಿಯೂ ನೋಡದಂತೆ ಹೋಗುವುದು ಎಷ್ಟು ಹಿಂಸೆ ಅಂತ ಮಾಡಿದವರಿಗೇ ಗೊತ್ತು. ಅವಳ ತಲೆಗೆ ಕೆಲಸ ಕೊಟ್ಟರೆ ಮೈ ಸುಮ್ಮನಿರುತ್ತದೆ ಅಂತ ಡಾಕ್ಟರು ಹೇಳಿದ್ದು ನಿಜವಾಯಿತು. ಹಳೆಯ ಬಟ್ಟೆ ಸುರುಳಿ ಸುತ್ತಿ ಅದರ ಮಡಿಕೆಗಳಲ್ಲಿ ಊಟದ ಕಾಳುಗಳನ್ನು ಅಡಗಿಸಿ ಕೊಟ್ಟರೆ, ಮೂಸಿ ಮೂಸಿ ಹುಡುಕುವುದರಲ್ಲೇ ಅರ್ಧ ಬೆಳಗ್ಗೆ ಕಳೆಯುತ್ತಿತ್ತು. ಅಷ್ಟಾದರೂ ಕೆಲವು ದಿನ ಹುಚ್ಚು ಹಿಡಿದಂತೆ ಪಂಜರ ಕೆರೆಯುತ್ತಿದ್ದಳು. ಅಂಥ ದಿನಗಳಿಗೆ ಶಾಂತವಾಗಿರಿಸುವ ಮಾತ್ರೆ ಬರೆದುಕೊಟ್ಟಿದ್ದರು. ಮೊದಮೊದಲು ಕೊಡಲು ಮನಸ್ಸಾಗುತ್ತಿರಲಿಲ್ಲ. ಕೊಡುವುದೇ ಸರಿ ಅಂತ ಈಗಲೂ ಹೇಳುತ್ತೇನೆ. ಒಂದು ಮಾತ್ರೆಯ ಮಂಪರಿಗಿಂತ ಒಂದು ನೆಗೆತ ಅಪಾಯ.

ನಾಯಿ ಸುಮ್ಮನಿದ್ದರೂ ಅಪಾಯ ಪೂರ್ತಿ ತಪ್ಪುವುದಿಲ್ಲ. ಇಂಜೆಕ್ಷನ್ ಆಗಿ 7ರಿಂದ 10 ದಿನದ ಸುಮಾರಿಗೆ ಹುಳಗಳ ಚೂರು ಹೆಚ್ಚು ಸಿಕ್ಕಿಕೊಳ್ಳುತ್ತವೆ, ಆ ಹೊತ್ತಿನಲ್ಲಿ ಕಣ್ಣಿಟ್ಟು ನೋಡಿ ಅಂದಿದ್ದರು. ಕೊನೆಯ ಎರಡು ಇಂಜೆಕ್ಷನ್ ಆದ ಮೇಲೆ, ಹೆಚ್ಚುಕಡಿಮೆ ಅವರು ಹೇಳಿದ ಹೊತ್ತಿಗೇ, ಬೆಳ್ಳಿ ಬೆಳಗ್ಗೆ ಊಟದ ತಟ್ಟೆಯ ಕಡೆ ತಿರುಗಲಿಲ್ಲ. ಮೈ ಸುಡುತ್ತಿತ್ತು. ಮಲಗಿದ್ದಲ್ಲೇ ಕೆಮ್ಮುತ್ತಿದ್ದಳು. ಉಸಿರು ಎಣಿಸಿದೆ. ನಿದ್ದೆಯಲ್ಲಿರುವ ನಾಯಿ ನಿಮಿಷಕ್ಕೆ 30ಕ್ಕಿಂತ ಕಡಿಮೆ ಸಲ ಉಸಿರಾಡಬೇಕು. ಅವಳದು ಅದಕ್ಕಿಂತ ತುಂಬಾ ಜಾಸ್ತಿ ಇತ್ತು. ಎತ್ತಿಕೊಂಡೇ ಕಾರಿಗೆ ಒಯ್ದೆವು. ಆಸ್ಪತ್ರೆಯಲ್ಲಿ ಆಮ್ಲಜನಕದ ಪಂಜರದಲ್ಲಿ ಇಟ್ಟು, ಸ್ಟಿರಾಯ್ಡ್ ಪ್ರಮಾಣ ಏರಿಸಿ, ರಾತ್ರಿ ಅಲ್ಲೇ ಉಳಿಸಿಕೊಂಡರು. ಅಮ್ಮ ಆ ರಾತ್ರಿ ಮಲಗಲೇ ಇಲ್ಲ. ಮಾರನೇ ದಿನ ಹೋದಾಗ ಬೆಳ್ಳಿ ತಲೆ ಎತ್ತಿ ಬಾಲ ಆಡಿಸಿದಳು, ನರ್ಸ್ ಓಡಿಬಂದು "ಆಡಿಸಬೇಡಿ ಆಡಿಸಬೇಡಿ" ಅಂದರು. ಬಾಲಕ್ಕೂ ರೇಷನ್!

ಈ ನಡುವೆ ಸಲಹೆಗಳಿಗೇನೂ ಬರವಿರಲಿಲ್ಲ. ಬೆಳ್ಳುಳ್ಳಿ ತಿನ್ನಿಸಿ, ಹುಳ ಕರಗುತ್ತೆ ಅಂದವರಿದ್ದರು. ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಅಪಧಮನಿಯ ಹುಳಕ್ಕೆ ಏನೂ ಮಾಡುವುದಿಲ್ಲ. ಪಕ್ಕದ ಮನೆಯವರು ತಮ್ಮ ಮಗು ಅವಳನ್ನು ಮುಟ್ಟಬಾರದು ಅಂತ ದೂರ ಇಟ್ಟರು. ಅವರ ಭಯ ಅರ್ಥವಾಗುತ್ತದೆ. ಆದರೆ ಮುಟ್ಟುವುದರಿಂದ, ನೆಕ್ಕುವುದರಿಂದ ಇದು ಹರಡುವುದಿಲ್ಲ. ಸೊಳ್ಳೆಯ ಮೂಲಕ ಮನುಷ್ಯರಿಗೆ ಅಪರೂಪಕ್ಕೆ ಬರಬಹುದು. ಬಂದರೂ ಹುಳ ಪೂರ್ತಿ ಬೆಳೆಯದೆ ಸತ್ತು, ಶ್ವಾಸಕೋಶದಲ್ಲಿ ಒಂದು ಸಣ್ಣ ಗಂಟಾಗಿ ಉಳಿಯುತ್ತದೆ. ಎಕ್ಸ್‌ರೇಯಲ್ಲಿ ಅದನ್ನು ಕಂಡು ಕ್ಯಾನ್ಸರ್ ಇರಬಹುದೇ ಅಂತ ಗಾಬರಿಯಾಗುವುದೇ ಅಲ್ಲಿನ ದೊಡ್ಡ ತೊಂದರೆ.

ಕೊನೆಯ ಇಂಜೆಕ್ಷನ್ ಆಗಿ ಒಂದು ತಿಂಗಳಿಗೆ ರಕ್ತದಲ್ಲಿ ಮರಿಹುಳ ಹುಡುಕಿದರು, ಸಿಗಲಿಲ್ಲ. ಆಂಟಿಜೆನ್ ಪರೀಕ್ಷೆಗೆ ಮಾತ್ರ ಆತುರ ಮಾಡುವಂತಿಲ್ಲ. ಸತ್ತ ಹುಳದ ಪ್ರೋಟೀನ್ ರಕ್ತದಿಂದ ಪೂರ್ತಿ ಹೋಗುವುದಕ್ಕೆ ಸಮಯ ಬೇಕು, ಆದ್ದರಿಂದ 9 ತಿಂಗಳು ಕಾಯಬೇಕು. ಅಷ್ಟರೊಳಗೆ ಬೆಳ್ಳಿಯನ್ನು ಸ್ವಲ್ಪ ಸ್ವಲ್ಪವಾಗಿ ನಡೆಸಲು ಶುರು ಮಾಡಿದ್ದೆವು. ಮೊದಲು ಐದು ನಿಮಿಷ, ಆಮೇಲೆ ಹತ್ತು. ಇಷ್ಟು ದಿನ ಕೂತವಳು ಬಿಟ್ಟ ತಕ್ಷಣ ಓಡಿಬಿಡುತ್ತಾಳೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ, ಪಂಜರದ ಬಾಗಿಲು ತೆರೆದರೂ ಅಲ್ಲೇ ಮಲಗಿರುತ್ತಿದ್ದಳು. ಅದೇ ಅವಳ ಮನೆಯಾಗಿಬಿಟ್ಟಿತ್ತು.

ಆಂಟಿಜೆನ್ ಪರೀಕ್ಷೆಯಲ್ಲಿ ಈ ಸಲ ಗುರುತು ಮೂಡಲಿಲ್ಲ. ಅದೇ ದಿನ ಹೊಸ ಎಕ್ಸ್‌ರೇಯನ್ನು ಹಳೆಯದರ ಪಕ್ಕ ಇಟ್ಟು ನೋಡಿದೆವು. ಹುಳ ಹೋದ ಮೇಲೆ ನಾಳದ ಒಳಪದರ ಬಹುಪಾಲು ಸರಿಹೋಗುತ್ತದೆ, ಆದರೆ ಪೂರ್ತಿ ಮೊದಲಿನಂತಾಗುತ್ತದೆ ಅನ್ನುವ ಖಾತ್ರಿಯಿಲ್ಲ. ಅಪಧಮನಿ ಸಣ್ಣದಾಗಿದೆ, ಸೊಟ್ಟ ಮಾತ್ರ ಸ್ವಲ್ಪ ಉಳಿದಿದೆ. ಕೆಮ್ಮು ಹೋಗಿದೆ. ಚೆಂಡು ಎಸೆಯಬಹುದು, ಆದರೆ ಉರಿಬಿಸಿಲಿನಲ್ಲಿ ಬೇಡ, ಅವಳೇ ಸಾಕು ಅಂದಾಗ ನಿಲ್ಲಿಸಿ ಅಂದರು ಡಾಕ್ಟರು. ಬೆಳ್ಳಿ ಸಾಕು ಅನ್ನುವವಳಲ್ಲ, ಹಾಗಾಗಿ ನಾವೇ ಅನ್ನುತ್ತೇವೆ.

ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಅನ್ನುವ ಕಾಯಿಲೆ ಇದಲ್ಲ. ಇನ್ನೊಂದು ಸೊಳ್ಳೆ ಕಚ್ಚಿದರೆ ಮತ್ತೆ ಮೊದಲಿನಿಂದ. ತಿಂಗಳ ತಡೆ ಔಷಧಿ ಮುಂದುವರಿದಿದೆ, ಸೊಳ್ಳೆ ಕಡಿಮೆ ಇರುವ ಕಾಲದಲ್ಲೂ. ವರ್ಷಕ್ಕೊಮ್ಮೆ ರಕ್ತಪರೀಕ್ಷೆ. ಔಷಧಿಯ ದಿನ ತಪ್ಪಿಹೋದರೆ ನೆನಪಾದ ಕೂಡಲೇ ಕೊಡಬೇಕು. ಹೆಚ್ಚು ದಿನ ತಪ್ಪಿದ್ದರೆ ಡಾಕ್ಟರಿಗೆ ಹೇಳಿ, ಆಗ ಒಮ್ಮೆ, 6 ತಿಂಗಳು ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು. ಆ ದಿನಾಂಕಗಳ ಲೆಕ್ಕ ಈಗ ಅಮ್ಮನದು, ನನ್ನ ಫೋನಿನ ರಿಮೈಂಡರ್ ಮೇಲೆ ಅವರಿಗೆ ನಂಬಿಕೆಯಿಲ್ಲ.